ಸರ್ಟಿಫಿಕೇಟ್ ಎರರ್: ಫಾರ್ಮ್ಯಾಟ್, ಫೈರ್‌ಫಾಕ್ಸ್, ರೂಟ್ ಸರ್ಟಿಫಿಕೇಟ್ – ಯಾವುದು ಒಳ್ಳೆಯದು?

ಹಳೆಯ ವಿಂಡೋಸ್ 7 ಮಷೀನ್‌ನಲ್ಲಿ 'ಯುವರ್ ಕನೆಕ್ಷನ್ ಈಸ್ ನಾಟ್ ಪ್ರೈವೇಟ್' ಅಂತ ಬಂದರೆ ಫಾರ್ಮ್ಯಾಟ್‌ಗೆ ದುಡ್ಡು ಹಾಕಬೇಡಿ. ಅದರಲ್ಲಿ ಇಲ್ಲದ ರೂಟ್ ಸರ್ಟಿಫಿಕೇಟನ್ನು, ಅಂದರೆ ಸೈಟ್‌ಗಳ ಸರ್ಟಿಫಿಕೇಟನ್ನು ಕಂಪ್ಯೂಟರ್ ನಂಬಲು ಬೇಕಾದ ಮೂಲ ಸರ್ಟಿಫಿಕೇಟನ್ನು, ನೀವೇ ಹಾಕಿ. ಇಳಕಲ್‌ನ ನಮ್ಮ ಸೀರೆ ಅಂಗಡಿಯಲ್ಲಿ ಮೂರೂ ದಾರಿ ನೋಡಿದ್ದೇವೆ.

ಪುಣೆ, ಸೊಲ್ಲಾಪುರದ ಪಾರ್ಸೆಲ್ ಬುಕ್ ಮಾಡುವ ಸೈಟೇ ತೆರೆಯುತ್ತಿರಲಿಲ್ಲ. ಎರರ್‌ನಲ್ಲಿ 'ಅಥಾರಿಟಿ ಇನ್‌ವ್ಯಾಲಿಡ್' ಅಂತ ಇತ್ತು, ಅಂದರೆ ಸರ್ಟಿಫಿಕೇಟ್ ಕೊಟ್ಟವರನ್ನು ಕಂಪ್ಯೂಟರ್ ನಂಬುತ್ತಿಲ್ಲ. 'ಡೇಟ್ ಇನ್‌ವ್ಯಾಲಿಡ್' ಅಂತ ಇದ್ದರೆ ಮೊದಲು ಕಂಪ್ಯೂಟರಿನ ತಾರೀಖು ನೋಡಿ. ಒಳಗಿನ ಬಟನ್ ಸೆಲ್ ಮುಗಿದಿರಬಹುದು.

ತುಂಬಾ ಸೈಟ್‌ಗಳು ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ಪುಕ್ಕಟೆ ಕೊಡುವ ಸರ್ಟಿಫಿಕೇಟ್ ಬಳಸುತ್ತವೆ. ಅದರ ಹಿಂದಿದ್ದ ಹಳೆಯ ರೂಟ್‌ನ ಅವಧಿ 2021ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಈಗ ಅದರ ಬದಲಿಗೆ ಐಎಸ್‌ಆರ್‌ಜಿ ರೂಟ್ ಎಕ್ಸ್1 (ISRG Root X1) ಎಂಬ ರೂಟ್ ಬೇಕು. ವಿಂಡೋಸ್ ಸಾಮಾನ್ಯವಾಗಿ ಇದನ್ನು ತಾನೇ ತರಿಸಿಕೊಳ್ಳುತ್ತದೆ. ಅಪ್‌ಡೇಟ್ ಬಂದ್ ಮಾಡಿಟ್ಟ ನಮ್ಮ ಮಷೀನ್‌ಗೆ ಬಂದಿರಲಿಲ್ಲ.

ತಮ್ಮ ಮೊದಲು ಫಾರ್ಮ್ಯಾಟ್ ಮಾಡಿಸಿದ. 500 ರೂಪಾಯಿ ಹೋಯಿತು. ಹಾಕಿದ್ದು ಅದೇ ಹಳೆಯ ವಿಂಡೋಸ್, ರೂಟ್ ಪಟ್ಟಿಯೂ ಹಳೆಯದೇ. ಎರರ್ ಮತ್ತೆ ಬಂತು. ಕನ್ನಡ ಟೈಪಿಂಗ್‌ನ ನುಡಿ, ಪ್ರಿಂಟರ್ ಡ್ರೈವರ್, ಬಿಲ್ಲಿಂಗ್ ಎಲ್ಲ ಮತ್ತೆ ಹಾಕಬೇಕಾಯಿತು.

ಫೈರ್‌ಫಾಕ್ಸ್ ಬ್ರೌಸರ್‌ಗೆ ತನ್ನದೇ ರೂಟ್ ಪಟ್ಟಿ ಇದೆ. ವಿಂಡೋಸ್ 7ಕ್ಕೆ ಕೊನೆಯದಾದ 115 ಇಎಸ್‌ಆರ್ ಆವೃತ್ತಿ ಹಾಕಿದ ಕೂಡಲೇ ಸೈಟ್ ತೆರೆಯಿತು. ಬರೀ ಬ್ರೌಸಿಂಗ್ ಮಾಡುವವರಿಗೆ ಇಷ್ಟೇ ಸಾಕು. ನಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್ ಮಾತ್ರ ವಿಂಡೋಸ್‌ನ ಪಟ್ಟಿಯನ್ನೇ ನೋಡುತ್ತದೆ. ಅದರ ಆನ್‌ಲೈನ್ ಬ್ಯಾಕಪ್ ನಿಂತೇ ಇತ್ತು.

ರೂಟ್ ಸರ್ಟಿಫಿಕೇಟ್ ಹಾಕಿದ ಮೇಲೆ ಎರಡೂ ಸರಿಯಾದವು. ಆದರೆ ಇಲ್ಲಿ ತಲೆನೋವೂ ಇದೆ. ಸರ್ಟಿಫಿಕೇಟ್ ಸಿಗುವುದು ಲೆಟ್ಸ್ ಎನ್‌ಕ್ರಿಪ್ಟ್‌ನ ಸೈಟಿನಲ್ಲಿ. ಆ ಸೈಟ್ ತೆರೆಯಲೂ ಅದೇ ಸರ್ಟಿಫಿಕೇಟ್ ಬೇಕು! ಮೊಬೈಲ್‌ನಲ್ಲಿ ಇಳಿಸಿ ಕೇಬಲ್‌ನಿಂದ ಹಾಕಿಕೊಳ್ಳಿ. ಅಲ್ಲಿ ಎರಡು ಬಗೆಯ ಫೈಲ್ ಇವೆ: ಪೆಮ್ (.pem) ಬೇಡ, ಡರ್ (.der) ತಗೊಳ್ಳಿ. ಪೆಮ್ ಮೇಲೆ ಡಬಲ್ ಕ್ಲಿಕ್ ಮಾಡಿದರೆ ವಿಂಡೋಸ್‌ಗೆ ಏನೂ ತಿಳಿಯುವುದಿಲ್ಲ.

ಇನ್ನೊಂದು ತೊಡಕು ಇದಕ್ಕಿಂತ ಜಾಸ್ತಿ ಕಾಡಿತು. ನನ್ನ ಲಾಗಿನ್‌ನಲ್ಲಿ ಸೈಟ್ ತೆರೆಯುತ್ತದೆ, ತಮ್ಮನ ಲಾಗಿನ್‌ನಲ್ಲಿ ಎರರ್ ಹಾಗೇ ಇದೆ. ಡಬಲ್ ಕ್ಲಿಕ್ ಮಾಡಿ ಇನ್‌ಸ್ಟಾಲ್ ಮಾಡಿದರೆ ವಿಂಡೋಸ್ 7 ಅದನ್ನು ಆ ಒಬ್ಬರ ಖಾತೆಗೆ ಮಾತ್ರ ಹಾಕುತ್ತದೆ. ಎಲ್ಲರಿಗೂ ಬೇಕೆಂದರೆ ರನ್‌ನಲ್ಲಿ ಎಂಎಂಸಿ (mmc, ವಿಂಡೋಸ್‌ನದೇ ಒಂದು ಟೂಲ್) ತೆರೆಯಿರಿ. ಫೈಲ್ ಮೆನುವಿನ 'ಆಡ್/ರಿಮೂವ್ ಸ್ನ್ಯಾಪ್-ಇನ್'ನಿಂದ ಸರ್ಟಿಫಿಕೇಟ್ಸ್ ಸೇರಿಸುವಾಗ 'ಕಂಪ್ಯೂಟರ್ ಅಕೌಂಟ್' ಆರಿಸಿ. ಆಮೇಲೆ 'ಟ್ರಸ್ಟೆಡ್ ರೂಟ್ ಸರ್ಟಿಫಿಕೇಶನ್ ಅಥಾರಿಟೀಸ್' ಒಳಗೆ ಇಂಪೋರ್ಟ್ ಮಾಡಿ. ಅವಧಿ 2035ರ ಜೂನ್ 4ರವರೆಗೆ ಅಂತ ಕಾಣಬೇಕು. ಥಂಬ್‌ಪ್ರಿಂಟನ್ನೂ, ಅಂದರೆ ಸರ್ಟಿಫಿಕೇಟ್‌ನ ಗುರುತಿನ ಅಂಕಿ-ಅಕ್ಷರಗಳ ಸಾಲನ್ನೂ, ಅಸಲಿಯದರ ಜೊತೆ ತಾಳೆ ನೋಡಿ. ಯಾರೋ ವಾಟ್ಸಾಪ್‌ನಲ್ಲಿ ಕಳಿಸಿದ ರೂಟ್ ಸರ್ಟಿಫಿಕೇಟ್ ಮಾತ್ರ ಹಾಕಲೇಬೇಡಿ.

ಎರರ್ ಪುಟದಲ್ಲಿ 'ಅಡ್ವಾನ್ಸ್ಡ್' ಒತ್ತಿ ಹಾಗೇ ಮುಂದೆ ಹೋಗುವುದು? ಗಿರಾಕಿಗಳ ವಿಳಾಸ, ನಂಬರ್ ತುಂಬುವ ಕಡೆ ಬೇಡವೇ ಬೇಡ.

ಹೊಸ ಕಂಪ್ಯೂಟರ್ ತಗೊಂಡರೆ ಎಲ್ಲಕ್ಕಿಂತ ಒಳ್ಳೆಯದು, ಸದ್ಯ ನಮ್ಮ ದುಡ್ಡೆಲ್ಲ ರೇಷ್ಮೆ ನೂಲಿನಲ್ಲಿದೆ. ವಿಂಡೋಸ್ 7ಕ್ಕೆ ಬೆಂಬಲ 2020ರ ಜನವರಿ 14ಕ್ಕೇ ನಿಂತಿದೆ. ಹಾಗಾಗಿ ಈ ಮಷೀನ್‌ನಲ್ಲಿ ಬಿಲ್ಲು, ಪಾರ್ಸೆಲ್ ಅಷ್ಟೇ. ಬ್ಯಾಂಕ್ ಕೆಲಸ ಮೊಬೈಲ್‌ನಲ್ಲಿ.