ಅಮೆರಿಕದ ಇನ್ಶೂರೆನ್ಸಾ, ಇಂಗ್ಲೆಂಡಿನ ಎನ್‌ಎಚ್‌ಎಸ್ಸಾ? ಎರಡನ್ನೂ ಬಳಸಿದವನ ಲೆಕ್ಕ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ಗೆ. ನ್ಯೂಜೆರ್ಸಿಯಲ್ಲಿ ಕಂಪನಿ ಕೊಟ್ಟ ಇನ್ಶೂರೆನ್ಸ್ ನಂಬಿಕೊಂಡು ಸಂಸಾರ ಮಾಡಿ, ಆಮೇಲೆ ಇಂಗ್ಲೆಂಡಿಗೆ ಬಂದವನು ನಾನು. ಎಲ್ಲರ ಚಿಕಿತ್ಸೆಯ ಖರ್ಚನ್ನೂ ಸರ್ಕಾರ ಹೊರಬೇಕಾ ಬೇಡವಾ ಅಂತ ಅಮೆರಿಕದಲ್ಲಿ ಅಧ್ಯಕ್ಷ ಟ್ರೂಮನ್ ಕಾಲದಿಂದ, ಅಂದರೆ 1945ರಿಂದ ಜಗಳ ನಡೆದೇ ಇದೆ. ಇಲ್ಲಿ 1948ರ ಜುಲೈ 5ಕ್ಕೆ ಎನ್‌ಎಚ್‌ಎಸ್ ಶುರುವಾಯಿತು. ಈಗ ಜಗಳವೇನಿದ್ದರೂ ಅದಕ್ಕೆ ಎಷ್ಟು ದುಡ್ಡು ಕೊಡಬೇಕು ಅನ್ನೋದಕ್ಕೆ.

ಡಾಕ್ಟರ ಕೈಗುಣದಲ್ಲಿ ನನಗೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ನನ್ನ ತಕರಾರು ಇರೋದು ಕಾಗದಪತ್ರದ ಬಗ್ಗೆ.

ಅಮೆರಿಕದಲ್ಲಿದ್ದಾಗ ಯುಗಾದಿ ಊಟಕ್ಕೆ ಗೆಳೆಯರ ಮನೆಗೆ ಹೋಗಿದ್ದೆವು. ಮಗ ಮೆಟ್ಟಿಲಲ್ಲಿ ಜಾರಿ ಗದ್ದ ಒಡೆದುಕೊಂಡ. ಎಮರ್ಜೆನ್ಸಿಗೆ ಓಡಿದೆವು, ಹೊಲಿಗೆ ಹಾಕಿದರು, ಕೈಗೊಂದು ಸ್ಟಿಕ್ಕರ್ ಕೊಟ್ಟು ಕಳಿಸಿದರು. ಚೆನ್ನಾಗಿಯೇ ನೋಡಿಕೊಂಡರು, ಸುಳ್ಳು ಹೇಳಬಾರದು.

ಆಮೇಲೆ ಶುರುವಾಯಿತು ಅಂಚೆ. ಮೊದಲು ಇನ್ಶೂರೆನ್ಸಿನವರ ಕಾಗದ. ಮೇಲೆ ದಪ್ಪಕ್ಷರದಲ್ಲಿ ‘ಇದು ಬಿಲ್ ಅಲ್ಲ’ ಅಂತ, ಕೆಳಗೆಲ್ಲ ಬರೀ ಡಾಲರ್ ಲೆಕ್ಕ. ಆಮೇಲೆ ಆಸ್ಪತ್ರೆಯದೊಂದು ನಿಜವಾದ ಬಿಲ್. ಹೊಲಿಗೆ ಹಾಕಿದ ಡಾಕ್ಟರದು ಇನ್ನೊಂದು, ಅದೂ ಬೇರೆ ಯಾವುದೋ ರಾಜ್ಯದ ವಿಳಾಸದಿಂದ. ಇದಕ್ಕೆಲ್ಲ ಕಲಶವಿಟ್ಟಂತೆ ಇನ್ಶೂರೆನ್ಸಿನವರಿಂದ ಬಂತು ನೋಡಿ ಒಂದು ಫಾರಂ. ಪೆಟ್ಟಾದದ್ದು ಎಲ್ಲಿ? ಯಾರ ಮನೆ? ಆ ಮನೆಗೆ ಇನ್ಶೂರೆನ್ಸ್ ಇದೆಯಾ, ಪಾಲಿಸಿ ನಂಬರ್ ಎಷ್ಟು? ಅಂದರೆ, ನಮಗೆ ಒಬ್ಬಟ್ಟು ಬಡಿಸಿದವರ ಕಡೆಯಿಂದ ದುಡ್ಡು ವಸೂಲಿ ಮಾಡಬಹುದಾ ಅಂತ ಹುಡುಕೋದು! ಗೆಳೆಯನಿಗೆ ಫೋನ್ ಮಾಡಿ ‘ನಿನ್ನ ಮನೆ ಪಾಲಿಸಿ ನಂಬರ್ ಹೇಳಪ್ಪಾ’ ಅನ್ನೋದು ಹೇಗೆ? ಆ ಜಾಗ ಖಾಲಿ ಬಿಟ್ಟು ಕಳಿಸಿದೆ. ಫಾರಂ ವಾಪಸ್ ಬಂತು.

ಅದು ತುಂಬುವ ತನಕ ಕ್ಲೇಮು ಪೆಂಡಿಂಗ್. ಆಸ್ಪತ್ರೆಗೆ ಅದೆಲ್ಲ ಬೇಕಿಲ್ಲ, ಪೂರ್ತಿ ಮೊತ್ತಕ್ಕೆ ನೋಟಿಸ್, ಇಲ್ಲದಿದ್ದರೆ ಸಾಲ ವಸೂಲಿ ಮಾಡೋರಿಗೆ ಕೊಡುತ್ತೇವೆ ಅಂತ ಬೆದರಿಕೆ. ಊಟದ ಬಿಡುವಿನಲ್ಲಿ ಕಾರಿನೊಳಗೆ ಕೂತು ಫೋನು ಹಿಡಿದದ್ದೇ ಹಿಡಿದದ್ದು. ಇನ್ಶೂರೆನ್ಸಿನವರು ಬಿಲ್ಲಿನ ಕೋಡ್ ತಪ್ಪಾಗಿದೆ ಅಂತ ಆಸ್ಪತ್ರೆಯ ಕಡೆ ಕೈ ತೋರಿಸೋರು, ಆಸ್ಪತ್ರೆಯವರು ಇನ್ಶೂರೆನ್ಸಿನವರನ್ನೇ ಕೇಳಿ ಅನ್ನೋರು. ಕೊನೆಗೆ ಎಲ್ಲ ಇತ್ಯರ್ಥವಾದಾಗ ಬಹುಪಾಲು ಕಟ್ಟಿದ್ದು ನಾನೇ, ಯಾಕಂದರೆ ಆ ವರ್ಷದ ಡಿಡಕ್ಟಿಬಲ್, ಅಂದರೆ ಇನ್ಶೂರೆನ್ಸ್ ಕೊಡೋಕೆ ಶುರು ಮಾಡುವ ಮೊದಲು ನಾವೇ ಕಟ್ಟಬೇಕಾದ ಮೊತ್ತ, ಇನ್ನೂ ಮುಗಿದಿರಲಿಲ್ಲ. ಇದು ತಿಂಗಳು ತಿಂಗಳೂ ಸಂಬಳದಲ್ಲಿ ಪ್ರೀಮಿಯಂ ಕಟ್ ಆದ ಮೇಲೂ! 2024ರಲ್ಲಿ ಅಲ್ಲಿ ಕಂಪನಿ ಮೂಲಕ ಕೊಳ್ಳುವ ಕುಟುಂಬ ಪ್ಲಾನಿನ ಸರಾಸರಿ ಬೆಲೆ ವರ್ಷಕ್ಕೆ 25,572 ಡಾಲರ್. ಅದರಲ್ಲಿ ನೌಕರನ ಪಾಲೇ 6,296.

ಇಂಗ್ಲೆಂಡಿಗೆ ಬಂದ ಮೇಲೆ ಇದೇ ಮಗ ಫುಟ್‌ಬಾಲ್ ಆಡಲು ಹೋಗಿ ಮಣಿಕಟ್ಟು ಮುರಿದುಕೊಂಡ. ರಾತ್ರಿ ಬಹಳ ಹೊತ್ತು ಕಾದು ಕೂತೆವು, ಬೆನ್ನು ನೋವು ಬಂತು. ಎಕ್ಸ್‌ರೇ ತೆಗೆದು ಪ್ಲಾಸ್ಟರ್ ಹಾಕಿದರು. ಆಮೇಲೆ ಮನೆಗೆ ಬಂದದ್ದು ಒಂದೇ ಕಾಗದ, ಮತ್ತೆ ಯಾವತ್ತು ತೋರಿಸಬೇಕು ಅಂತ.

ಊರಲ್ಲಿ ಎಲ್ಲರೂ ‘ನಿಮಗೇನಪ್ಪಾ, ಫ್ರೀ’ ಅಂತಾರೆ. ಫ್ರೀ ಏನಲ್ಲ. ವೀಸಾ ಜೊತೆಗೇ ಹೆಲ್ತ್ ಸರ್‌ಚಾರ್ಜ್ ಕಟ್ಟಬೇಕು. 2024ರ ಫೆಬ್ರವರಿಯಿಂದ ದೊಡ್ಡವರಿಗೆ ವರ್ಷಕ್ಕೆ 1,035 ಪೌಂಡ್, ಮಕ್ಕಳಿಗೆ 776. ನಾವು ಮೂವರು, ಮೂರು ವರ್ಷದ ವೀಸಾ ಅಂದರೆ 8,538 ಪೌಂಡ್, ಅದೂ ಒಂದೇ ಏಟಿಗೆ. ತೆರಿಗೆ ಬೇರೆ. ಆದರೆ ಕಟ್ಟಿದ ಮೇಲೆ ಮುಗೀತು, ಕಾಯಿಲೆ ಬಿದ್ದಾಗ ಆಸ್ಪತ್ರೆ ಖರ್ಚಿನ ಲೆಕ್ಕ ಹಾಕಬೇಕಾಗಿಲ್ಲ.

ಕಾಯೋದು ಇಲ್ಲಿಯ ದೊಡ್ಡ ರೋಗ. ತುರ್ತಲ್ಲದ ಚಿಕಿತ್ಸೆ 18 ವಾರದೊಳಗೆ ಶುರುವಾಗಬೇಕು ಅನ್ನೋದು ಗುರಿ. 2024ರಲ್ಲಿ ಇಂಗ್ಲೆಂಡಿನ ಕಾಯುವ ಪಟ್ಟಿಯಲ್ಲಿ ಇದ್ದದ್ದು 70 ಲಕ್ಷಕ್ಕೂ ಜಾಸ್ತಿ ಕೇಸು. ಮಂಡಿ ಆಪರೇಷನ್ ಆಗಬೇಕಾದವರು ನನ್ನ ಮಾತಿಗೆ ಹೌದು ಅನ್ನಲಿಕ್ಕಿಲ್ಲ.

ಹಲ್ಲಿನ ವಿಷಯ ಕೇಳಲೇಬೇಡಿ. ಊರಿಗೆ ಹೋದಾಗ ತೋರಿಸಿಕೊಂಡು ಬರುತ್ತೇವೆ.

ಮಾತ್ರೆಗೆ ಒಂದು ಐಟಂಗೆ 9.90 ಪೌಂಡ್. ಮಗನಿಗೆ ಅದೂ ಇಲ್ಲ.

ಅಮೆರಿಕದಲ್ಲಿ ಇನ್ಶೂರೆನ್ಸ್ ಕೆಲಸಕ್ಕೆ ಗಂಟು ಬಿದ್ದದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ. 1942ರಲ್ಲಿ ಸರ್ಕಾರ ಸಂಬಳ ಏರಿಸಬೇಡಿ ಅಂದಿತು, ಕಂಪನಿಗಳು ಆಳು ಹಿಡಿಯಲು ಇನ್ಶೂರೆನ್ಸ್ ಆಸೆ ತೋರಿಸಿದವು. ಆ ಗಂಟು ಇನ್ನೂ ಬಿಚ್ಚಿಲ್ಲ. ಎಚ್‌-1ಬಿ ಅನ್ನೋ ಕೆಲಸದ ವೀಸಾ ಮೇಲಿದ್ದವರಿಗೆ ಕೆಲಸ ಹೋದರೆ ಇನ್ನೊಂದು ಹುಡುಕಲು ಸಿಗೋದೇ 60 ದಿನ, ಆಗಲೇ ಇನ್ಶೂರೆನ್ಸೂ ಹೋಗುತ್ತೆ. ಕೋಬ್ರಾ ಅಂತ ಒಂದಿದೆ, ಹಳೇ ಪ್ಲಾನನ್ನೇ ಮುಂದುವರಿಸಬಹುದು, ಆದರೆ ಕಂಪನಿಯ ಪಾಲನ್ನೂ ನಾವೇ ಕಟ್ಟಬೇಕು. ಸಂಬಳ ನಿಂತ ಹೊತ್ತಲ್ಲಿ! 65 ದಾಟಿದವರಿಗೆ 1965ರ ಕಾನೂನಿನಿಂದ ಸರ್ಕಾರದ್ದೇ ಇನ್ಶೂರೆನ್ಸ್, ಮೆಡಿಕೇರ್ ಇದೆ. ಅದನ್ನು ಕಿತ್ತುಕೊಳ್ಳಿ ಅಂತ ಅಲ್ಲಿ ಯಾವ ಅಜ್ಜನೂ ಹೇಳಿದ್ದು ನಾನು ಕೇಳಿಲ್ಲ. ಅದೇ ಎಲ್ಲರಿಗೂ ಕೊಡೋಣ ಅಂದರೆ ಮಾತ್ರ ‘ಸೋಷಿಯಲಿಸಂ’ ಆಗಿಬಿಡುತ್ತೆ.

ಒಬ್ಬರೇ ಇದ್ದೀರಿ, ವಯಸ್ಸು ಚಿಕ್ಕದು, ದೊಡ್ಡ ಕಂಪನಿ ಒಳ್ಳೆ ಪ್ಲಾನ್ ಕೊಟ್ಟಿದೆ, ಫೋನಲ್ಲಿ ಜಗಳ ಆಡೋಕೆ ಬೇಜಾರಿಲ್ಲ ಅಂದರೆ ಅಮೆರಿಕವೇ ಸರಿ. ಸ್ಕ್ಯಾನ್ ಬೇಗ ಆಗುತ್ತೆ, ಸಂಬಳವೂ ಜಾಸ್ತಿ. ನಮ್ಮನೇಲಿ ದುಡಿಯೋದು ನಾನೊಬ್ಬನೇ, ಮಗ ಕಾಲು ನಿಲ್ಲದವನು. ಮುಂದಿನ ವೀಸಾದ ಸರ್‌ಚಾರ್ಜಿಗೆ ಈಗಿನಿಂದಲೇ ಬೇರೆ ಖಾತೆಯಲ್ಲಿ ದುಡ್ಡು ಹಾಕುತ್ತಿದ್ದೇನೆ.