ಬಲಗೈಗೆ ಆಯಿಲ್, ಎಡಗೈಗೆ ವೈರ್: ಎಂಟಿಬಿ ಡಿಸ್ಕ್ ಬ್ರೇಕ್ ಹೋಲಿಕೆ

ಮೊದಲೇ ಹೇಳಿಬಿಡುತ್ತೇನೆ, ಹಿಡಿತದ ಮಾತು ಬಂದರೆ, ವೈರಿನ ಬದಲು ಆಯಿಲಿನ ಒತ್ತಡದಿಂದ ನಡೆಯುವ ಹೈಡ್ರಾಲಿಕ್ ಬ್ರೇಕಿಗೆ ಸಾಟಿಯಿಲ್ಲ. ಕೇಬಲ್ ಡಿಸ್ಕು, ಕೇಬಲ್ಲಿನಿಂದ ಎಳೆಯುವ ಅರೆಹೈಡ್ರಾಲಿಕ್ಕು, ಪೂರ್ತಿ ಹೈಡ್ರಾಲಿಕ್ಕು ಮೂರನ್ನೂ ಒಂದೇ ಸೈಕಲ್ಲಿಗೆ ಹಾಕಿ ನೋಡಿದವರಿಗೆ ಇದರಲ್ಲಿ ಎರಡನೇ ಮಾತಿರುವುದಿಲ್ಲ. ಆದರೂ ನನ್ನ ಹಿಂದಿನ ಚಕ್ರದಲ್ಲಿ ಈಗಲೂ ಇರುವುದು ಕೇಬಲ್ ಡಿಸ್ಕೇ. ಅದಕ್ಕೆ ಕಾರಣ ಬ್ರೇಕಲ್ಲ, ಗೇರ್ ಲಿವರ್.

ಇಲ್ಲಿ ಹೇಳುತ್ತಿರುವುದೆಲ್ಲ 21 ಗೇರಿನ, 160 ಮಿ.ಮೀ. ಡಿಸ್ಕಿನ, ಅಂಗಡಿಯಿಂದ ಬರುವಾಗಲೇ ಕೇಬಲ್ ಬ್ರೇಕ್ ಇದ್ದ ಸಾಧಾರಣ ಎಂಟಿಬಿಗೆ (ಮೌಂಟನ್ ಬೈಕಿಗೆ) ಅನ್ವಯಿಸುತ್ತದೆ. ರಿಮ್ಮನ್ನು ರಬ್ಬರಿನಿಂದ ಹಿಡಿಯುವ ವಿ-ಬ್ರೇಕಿನ ಸೈಕಲ್ಲಾಗಿದ್ದು ಫೋರ್ಕಿನಲ್ಲಿ, ಹಬ್ಬಿನಲ್ಲಿ ಡಿಸ್ಕಿಗೆ ಜಾಗವೇ ಇಲ್ಲದಿದ್ದರೆ ಈ ಗೋಜಿಗೆ ಹೋಗಬೇಡಿ. ಒಳ್ಳೆಯ ಬ್ರೇಕ್ ರಬ್ಬರ್ ಹಾಕಿಕೊಂಡು ಆರಾಮಾಗಿರಿ.

ಕೇಬಲ್ ಡಿಸ್ಕಿಗೆ ಬಂದಿರುವ ಕೆಟ್ಟ ಹೆಸರಿನಲ್ಲಿ ಅರ್ಧದಷ್ಟು ಸೆಟ್ಟಿಂಗಿನ ತಪ್ಪು. ಡಿಸ್ಕನ್ನು ಎರಡು ಪ್ಯಾಡುಗಳ ನಡುವೆ ಹಿಡಿಯುವ ಭಾಗವೇ ಕ್ಯಾಲಿಪರ್. ಅಗ್ಗದ ಕ್ಯಾಲಿಪರಿನಲ್ಲಿ ಹೊರಗಿನ ಪ್ಯಾಡ್ ಮಾತ್ರ ಚಲಿಸುತ್ತದೆ. ಅದು ಡಿಸ್ಕನ್ನು ಬಾಗಿಸಿ ಒಳಗಿನ ಪ್ಯಾಡಿಗೆ ಒತ್ತಬೇಕು. ಒಳಗಿನ ಪ್ಯಾಡ್ ದೂರವಿದ್ದಷ್ಟೂ ಕೈಯ ಬಲವೆಲ್ಲ ಡಿಸ್ಕ್ ಬಾಗಿಸುವುದಕ್ಕೇ ಹೋಗುತ್ತದೆ. ಚಕ್ರದ ಕಡ್ಡಿಗಳ ಸಂದಿಯಿಂದ ಅಲೆನ್ ಕೀ ತೂರಿಸಿ, ಒಳಗಿನ ಪ್ಯಾಡಿಗೂ ಡಿಸ್ಕಿಗೂ ನಡುವೆ ವಿಸಿಟಿಂಗ್ ಕಾರ್ಡಿನ ದಪ್ಪದಷ್ಟೇ ಸಂದು ಉಳಿಯುವಂತೆ ತಿರುಗಿಸಿ. ಪ್ಯಾಡ್ ಸವೆದಾಗ ಎಲ್ಲರೂ ಮೊದಲು ಕೈ ಹಾಕುವುದು ಲಿವರ್ ಬಳಿಯ ಅಡ್ಜಸ್ಟರಿಗೆ. ಅದನ್ನು ಬಿಗಿ ಮಾಡುತ್ತ ಹೋದರೆ ಕ್ಯಾಲಿಪರಿನ ತೋಳು ಅರ್ಧ ದಾರಿಯಿಂದಲೇ ಹೊರಡುತ್ತದೆ, ಪ್ಯಾಡ್ ಕಚ್ಚುವ ಹೊತ್ತಿಗೆ ಅದರ ಓಟವೇ ಮುಗಿದಿರುತ್ತದೆ. ಮೊದಲು ಒಳ ಪ್ಯಾಡನ್ನು ಮುಂದಕ್ಕೆ ತನ್ನಿ, ಅಡ್ಜಸ್ಟರ್ ಆಮೇಲೆ.

ಇನ್ನು ಔಟರ್, ಅಂದರೆ ವೈರಿನ ಮೇಲಿನ ಕವಚ. ಸಿಕ್ಕಿದ್ದು ಹಾಕಿಕೊಡುವ ಅಂಗಡಿಗಳಲ್ಲಿ ಗೇರಿನ ಔಟರನ್ನೇ ಬ್ರೇಕಿಗೂ ಹಾಕುವುದುಂಟು, ಖಂಡಿತ ಒಪ್ಪಬೇಡಿ. ಗೇರಿನ 4 ಮಿ.ಮೀ. ಔಟರಿನಲ್ಲಿ ತಂತಿಗಳು ಉದ್ದುದ್ದಕ್ಕೆ ಇರುತ್ತವೆ, ಬ್ರೇಕನ್ನು ಜೋರಾಗಿ ಹಿಡಿದಾಗ ಸಿಡಿದು ಬಾಯಿ ಬಿಡುತ್ತವೆ. ಬ್ರೇಕಿನದು 5 ಮಿ.ಮೀ., ಸುರುಳಿ ತಂತಿಯದು. ಕತ್ತರಿಸಿದ ಮೇಲೆ ತುದಿಯನ್ನು ಫೈಲಿನಿಂದ ಮಟ್ಟಸ ಮಾಡಿ, ಒಳಗಿನ ಪ್ಲಾಸ್ಟಿಕ್ ನಳಿಕೆಯ ಬಾಯನ್ನು ಗೋಣಿ ಹೊಲಿಯುವ ದಬ್ಬಣದಿಂದ ಬಿಡಿಸಬೇಕು. ಇಷ್ಟು ಮಾಡಿದ ಕೇಬಲ್ ಡಿಸ್ಕು ಬೇಸಿಗೆಯಲ್ಲಿ ಯಾವ ದೂರೂ ಹೇಳದೆ ಕೆಲಸ ಮಾಡುತ್ತದೆ.

ಬಣ್ಣ ಬಯಲಾಗುವುದು ಮಳೆಗಾಲದಲ್ಲಿ. ಕೆಂಪುಮಣ್ಣಿನ ರಾಡಿ ಔಟರಿನೊಳಗೆ ಇಳಿಯಿತೆಂದರೆ ಲಿವರ್ ಬಿಟ್ಟರೂ ತೋಳು ಹಿಂದಕ್ಕೆ ಬರುವುದಿಲ್ಲ, ಪ್ಯಾಡ್ ಉಜ್ಜುತ್ತಲೇ ಇರುತ್ತದೆ. ಕರಾವಳಿಯಲ್ಲಾದರೆ ರಾಡಿಯ ಜೊತೆಗೆ ಉಪ್ಪುಗಾಳಿಯ ತುಕ್ಕು ಬೇರೆ. ನಂದಿಬೆಟ್ಟದಂಥ, ಮುಳ್ಳಯ್ಯನಗಿರಿಯಂಥ ಉದ್ದನೆಯ ಇಳಿಜಾರಿನಲ್ಲಿ ನಾಲ್ಕು ಬೆರಳು ಬಿಗಿಹಿಡಿದು ಕೈ ಜೋಮು ಹಿಡಿಯುವುದೂ ಕೇಬಲ್ಲಿನಲ್ಲೇ. ಹೈಡ್ರಾಲಿಕ್ಕಿಗೆ ತೋರುಬೆರಳು ಸಾಕು.

ಅರೆಹೈಡ್ರಾಲಿಕ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಳೆಯ ಲಿವರ್, ಹಳೆಯ ವೈರ್ ಹಾಗೇ ಇರುತ್ತವೆ, ಕ್ಯಾಲಿಪರ್ ಮಾತ್ರ ಬದಲಾಗುತ್ತದೆ. ಎರಡೂ ಪ್ಯಾಡ್ ಚಲಿಸುವುದರಿಂದ ಡಿಸ್ಕ್ ಬಾಗುವುದಿಲ್ಲ, ಕಚ್ಚುವುದೂ ಮೆತ್ತಗೆ, ಚೆನ್ನಾಗಿ. ಆದರೆ ರಾಡಿ ಕುಡಿಯುವ ಆ ವೈರ್ ಅಲ್ಲೇ ಉಳಿಯಿತಲ್ಲ! ಆಯಿಲ್ ಟ್ಯಾಂಕು ಕ್ಯಾಲಿಪರಿನಲ್ಲೇ ಇರುವ ಮಾದರಿಗಳಲ್ಲಿ ಇನ್ನೊಂದು ಕಿರಿಕಿರಿ ಇದೆ. ಅಡ್ಜಸ್ಟರಿನಿಂದ ವೈರ್ ಸ್ವಲ್ಪ ಎಳೆದಿಟ್ಟರೂ ತೋಳು ಪೂರ್ತಿ ಹಿಂದಕ್ಕೆ ಬಾರದೆ ಟ್ಯಾಂಕಿನ ದಾರಿ ಮುಚ್ಚಿಕೊಳ್ಳುತ್ತದೆ. ಬಿಸಿಯಾದ ಆಯಿಲಿಗೆ ಹೋಗಲು ಜಾಗವಿಲ್ಲದೆ ಬ್ರೇಕು ತಾನಾಗಿಯೇ ಹಿಡಿಯತೊಡಗುತ್ತದೆ. ಕೊಳ್ಳುವುದೇ ಆದರೆ ಎಂಟಿಬಿ ಲಿವರಿನ ಉದ್ದ ಎಳೆತಕ್ಕೆ ಮಾಡಿದ್ದೋ ರೋಡ್ ಬೈಕಿನ ಗಿಡ್ಡ ಎಳೆತಕ್ಕೆ ಮಾಡಿದ್ದೋ ನೋಡಿಕೊಳ್ಳಿ.

ಪೂರ್ತಿ ಹೈಡ್ರಾಲಿಕ್ಕಿನಲ್ಲಿ ನನ್ನ ಆಯ್ಕೆ ಶಿಮಾನೊ ಎಂಟಿ200. ಎರಡು ಪಿಸ್ಟನ್, ರೆಸಿನ್ ಪ್ಯಾಡ್, ಮಿನರಲ್ ಆಯಿಲ್. ಪ್ಯಾಡ್ ಸವೆದಂತೆ ಪಿಸ್ಟನ್ ತಾನೇ ಮುಂದೆ ಬರುತ್ತದೆ. ಈಗಿನ ಕ್ಯಾಲಿಪರಿನ ಕೆಳಗಿರುವ ಅಡಾಪ್ಟರ್ ಪೋಸ್ಟ್ ಮೌಂಟಿನದಾಗಿದ್ದರೆ, ಅಂದರೆ ಕ್ಯಾಲಿಪರಿನ ಬೋಲ್ಟುಗಳು ಚಕ್ರಕ್ಕೆ ಸಮಾನಾಂತರವಾಗಿ ಕೂರುವ ಬಗೆಯದಾಗಿದ್ದರೆ, ಅದನ್ನೇ ಉಳಿಸಿಕೊಳ್ಳಬಹುದು. ಡಿಸ್ಕ್ 1.5 ಮಿ.ಮೀ.ಗಿಂತ ತೆಳ್ಳಗಾಗಿಲ್ಲದಿದ್ದರೆ ಅದೂ ನಡೆಯುತ್ತದೆ.

ಹಾಗಿದ್ದರೆ ತೊಡಕೆಲ್ಲಿ? ಹ್ಯಾಂಡಲ್ ಮೇಲೆ. ಈ ದರ್ಜೆಯ ಸೈಕಲ್ಲುಗಳಲ್ಲಿ ಬ್ರೇಕ್ ಲಿವರೂ ಗೇರ್ ಶಿಫ್ಟರೂ ಸಾಮಾನ್ಯವಾಗಿ ಒಂದೇ ಸೆಟ್ಟು. ಶಿಮಾನೊ ಇಎಫ್51, ಇಎಫ್500 ಅಂಥವು. ಹ್ಯಾಂಡಲನ್ನು ಅಪ್ಪಿಹಿಡಿದಿರುವ ಕ್ಲಾಂಪು ಬ್ರೇಕ್ ಲಿವರಿನದು; ಶಿಫ್ಟರು ಅದಕ್ಕೆ ನೇತುಕೊಂಡಿರುತ್ತದೆ. ಹೈಡ್ರಾಲಿಕ್ ಲಿವರ್ ಹಾಕಬೇಕೆಂದು ಹಳೆಯದನ್ನು ಬಿಚ್ಚಿದರೆ ಗೇರೂ ಕೈಗೆ ಬರುತ್ತದೆ. ಬ್ರೇಕಿನ ಪೆಟ್ಟಿಗೆ ತರಿಸಿ, ಭಾನುವಾರ ಬೆಳಿಗ್ಗೆ ಬಿಚ್ಚಿ ಕೂತಾಗಲೇ ಬಹಳ ಜನಕ್ಕೆ ಇದು ಗೊತ್ತಾಗುವುದು.

ಹ್ಯಾಕ್ಸಾ ಬ್ಲೇಡ್ ಹಿಡಿದು ಬ್ರೇಕಿನ ಭಾಗವನ್ನು ಮಾತ್ರ ಕತ್ತರಿಸಿ ಶಿಫ್ಟರ್ ಉಳಿಸಿಕೊಳ್ಳುವವರಿದ್ದಾರೆ. ಆಗುತ್ತದೆ, ಆದರೆ ಉಳಿದ ಮೋಟು ಲೋಹ ಹೊಸ ಲಿವರಿನ ಜಾಗದಲ್ಲೇ ಅಡ್ಡ ಕೂರುತ್ತದೆ. ಲಿವರನ್ನು ಬೆರಳಿಗೆ ಸರಿಯಾದ ಕೋನಕ್ಕೆ ತಿರುಗಿಸಲಾಗದು, ಬಿದ್ದರೆ ಆ ಚೂಪು ಅಂಚು ಮೊಣಕಾಲಿಗೇ. ಹೊಸದನ್ನು ಕೊಳ್ಳುವುದೇ ವಾಸಿ. ಹಿಂದೆ 7 ಹಲ್ಲುಚಕ್ರವಿದ್ದರೆ 7 ಸ್ಪೀಡಿನದೇ ಶಿಫ್ಟರ್ ಬೇಕು. 8ರದ್ದು ಹಾಕಿದರೆ ಕ್ಲಿಕ್ಕಿನ ಅಳತೆ ತುಸು ಬೇರೆಯಾಗಿ ಗೇರ್ ಕರಾರುವಾಕ್ಕಾಗಿ ಬೀಳದಿರಬಹುದು. ಶಿಮಾನೊದ ಶಿಫ್ಟರುಗಳಲ್ಲಿ ಹೆಬ್ಬೆರಳಿನಿಂದ ತಳ್ಳುವ ಟಿಎಕ್ಸ್50 ಅಗ್ಗದ್ದು, ಎಂ315 ಎರಡು ಗುಂಡಿಯದು, ಸ್ವಲ್ಪ ದುಬಾರಿ. ಎರಡಕ್ಕೂ ತಮ್ಮದೇ ಕ್ಲಾಂಪ್ ಇದೆ.

ಎರಡೂ ಬ್ರೇಕು ಬದಲಿಸಿದರೆ ಶಿಫ್ಟರೂ ಎರಡು. ಎಡಗಡೆಯ ಖರ್ಚು ಉಳಿಸುವ ಉಪಾಯವೆಂದರೆ ಮುಂದಿನ ಗೇರನ್ನೇ ಬಿಟ್ಟುಬಿಡುವುದು. ಚೈನನ್ನು ನಡುವಿನ ಚೈನ್‌ರಿಂಗಿನಲ್ಲೇ ಓಡಿಸಿ, ಚೈನನ್ನು ಪಕ್ಕಕ್ಕೆ ಸರಿಸುವ ಮುಂದಿನ ಡಿರೇಲರನ್ನು ಚೈನು ಬೀಳದಂತೆ ಕಾಯುವ ಕಾವಲಿಗೆ ಇಟ್ಟುಕೊಳ್ಳಿ. ಡಿರೇಲರ್ ಒಳಗಡೆ ಎಲ್ಲಿಯವರೆಗೆ ಬರಬೇಕೆಂದು ಮಿತಿ ಹಾಕುವ ಎಲ್ ಸ್ಕ್ರೂವನ್ನು ಪೂರ್ತಿ ತಿರುಗಿಸಿದರೂ ಅದು ನಡುವಿನವರೆಗೆ ಬರದಿದ್ದರೆ ಒಂದು ತುಂಡು ವೈರನ್ನು ಫ್ರೇಮಿನ ತಡೆಗೆ ಸಿಕ್ಕಿಸಿ ಎಳೆದು ಬಿಗಿಯಬೇಕು. ಘಟ್ಟ ಹತ್ತುವವರಿಗೆ ಇದು ಹಿಡಿಸದು. ಚಿಕ್ಕ ಚೈನ್‌ರಿಂಗ್ ಇಲ್ಲದೆ ಕಡಿದಾದ ಮಣ್ಣು ಏರಿನಲ್ಲಿ ಸೈಕಲ್ ಇಳಿದು ತಳ್ಳುವುದೇ ಗತಿ. ನನಗಂತೂ ಆ ಚಿಕ್ಕದು ಬೇಕೇ ಬೇಕು.

ಹಾಗಾಗಿ ನಾನು ಮೆಚ್ಚುವುದು ಮುಂದೆ ಹೈಡ್ರಾಲಿಕ್, ಹಿಂದೆ ಕೇಬಲ್. ನಮ್ಮಲ್ಲಿ ಮುಂದಿನ ಬ್ರೇಕು ಬಲಗೈಗೆ. ಅಲ್ಲಿಗೆ ಬದಲಾಗಬೇಕಾದ್ದು ಬಲಗಡೆಯದಷ್ಟೇ, ಒಂದು ಹೈಡ್ರಾಲಿಕ್ ಲಿವರ್, ಒಂದು 7 ಸ್ಪೀಡ್ ಶಿಫ್ಟರ್. ಎಡಗಡೆಯ ಜೋಡಿ ಸೆಟ್ಟು ಹಿಂದಿನ ಕೇಬಲ್ ಬ್ರೇಕನ್ನೂ ಮುಂದಿನ ಮೂರು ಗೇರನ್ನೂ ನೋಡಿಕೊಂಡು ಇದ್ದಲ್ಲೇ ಇರುತ್ತದೆ. ಗಟ್ಟಿಯಾಗಿ ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಿನ ಚಕ್ರಕ್ಕೇ ಬೀಳುವುದರಿಂದ ಸೈಕಲ್ ನಿಲ್ಲಿಸುವ ಕೆಲಸದಲ್ಲಿ ಹೆಚ್ಚಿನ ಪಾಲೂ ಅದರದೇ. ದುಡ್ಡು ಹಾಕಬೇಕಾದದ್ದೂ ಅಲ್ಲೇ. ಮುಂದಿನ ಬ್ರೇಕ್ ಮುಟ್ಟಿದರೆ ಪಲ್ಟಿ ಹೊಡೆಯುತ್ತೇವೆ ಎಂದು ಹೆದರುವವರು ಮೊದಲ ವಾರ ಒಂದೇ ಬೆರಳಿನಲ್ಲಿ, ಸಮತಟ್ಟಾದ ರಸ್ತೆಯಲ್ಲಿ ಅಭ್ಯಾಸ ಮಾಡಿಕೊಳ್ಳಲಿ. ಸಡಿಲ ಜಲ್ಲಿಯ ತಿರುವಿನಲ್ಲಿ ಮಾತ್ರ ಆ ಹೆದರಿಕೆ ಇರುವುದು ಒಳ್ಳೆಯದೇ.

ಕೊಳ್ಳುವಾಗ ಒಂದು ಎಚ್ಚರ. ಎಡಗೈಗೆ ಮುಂದಿನ ಬ್ರೇಕು ಇರುವ ದೇಶಗಳಿಗೆಂದು ಜೋಡಿಸಿದ ಸೆಟ್ಟುಗಳು ಇಲ್ಲೂ ಮಾರಾಟಕ್ಕಿವೆ. ಅವುಗಳಲ್ಲಿ ಎಡ ಲಿವರಿಗೆ ಗಿಡ್ಡ ಪೈಪು, ಬಲ ಲಿವರಿಗೆ ಹಿಂದಿನ ಚಕ್ರ ಮುಟ್ಟುವ ಉದ್ದ ಪೈಪು. ನಮಗೆ ಬೇಕಾದದ್ದು ಬಲ ಲಿವರ್, ಮುಂದಿನ ಪೈಪು. ಉದ್ದದ್ದೇ ಸಿಕ್ಕಿದರೆ ಕತ್ತರಿಸಿಕೊಳ್ಳಬಹುದು: ಲಿವರ್ ಕಡೆಯ 8 ಮಿ.ಮೀ. ನಟ್ ಬಿಚ್ಚಿ, ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ಅಳೆದು, ಹೊಸ ಬ್ಲೇಡಿನಿಂದ ನೇರವಾಗಿ ಕತ್ತರಿಸಿ, ಪೈಪಿನ ಬಾಯೊಳಗೆ ಕೂರುವ ಹೊಸ ಇನ್ಸರ್ಟ್ ಹಾಗೂ ನಟ್ಟಿನಡಿ ಪೈಪನ್ನು ಹಿಡಿಯುವ ಹೊಸ ಆಲಿವ್ ಉಂಗುರ ಹಾಕಿ ಬಿಗಿಯಬೇಕು. ಬಿಎಚ್59 ಪೈಪಿನ ಇನ್ಸರ್ಟ್ ಬಿಎಚ್90ಕ್ಕೆ ಆಗುವುದಿಲ್ಲ; ಪೈಪಿನ ಮೇಲೆ ಬರೆದಿರುವುದನ್ನು ಓದಿಕೊಂಡೇ ಆರ್ಡರ್ ಮಾಡಿ. ಹಳೆಯ ಔಟರ್ ಹಿಡಿದಿದ್ದ ಕ್ಲಿಪ್ಪುಗಳೇ ಪೈಪಿಗೂ ಸರಿಹೊಂದುತ್ತವೆ.

ಕತ್ತರಿಸಿದ ಮೇಲೆ ಲಿವರ್ ಸ್ಪಂಜಿನಂತಾದರೆ ಗಾಳಿ ಸೇರಿದೆ ಎಂದರ್ಥ. ಲಿವರಿನ ಸ್ಕ್ರೂ ಬಿಚ್ಚಿ ಫನಲ್ ಕೂರಿಸಿ, ಪ್ಯಾಡ್ ತೆಗೆದು ಅಲ್ಲಿ ಪಿಸ್ಟನ್ ಹೊರಬರದಂತೆ ತಡೆಯುವ ಹಳದಿ ಬ್ಲೀಡ್ ಬ್ಲಾಕ್ ಇಟ್ಟು, ಕ್ಯಾಲಿಪರಿನ 7 ಮಿ.ಮೀ. ನಿಪ್ಪಲ್ಲಿನಿಂದ ಸಿರಿಂಜಿನಲ್ಲಿ ಆಯಿಲ್ ಮೇಲಕ್ಕೆ ತಳ್ಳಬೇಕು. ಗುಳ್ಳೆ ನಿಲ್ಲುವವರೆಗೆ ಪೈಪನ್ನು ತಟ್ಟುತ್ತಿರಿ. ಪಕ್ಕದ ಬೈಕ್ ಗ್ಯಾರೇಜಿನವರು ಪ್ರೀತಿಯಿಂದ ಡಾಟ್ 4 ಆಯಿಲ್ ಕೊಡಲು ಬರುತ್ತಾರೆ, ಬೇಡ ಎನ್ನಿ. ಮಿನರಲ್ ಆಯಿಲಿನ ಸೀಲುಗಳು ಅದನ್ನು ಕುಡಿದು ಉಬ್ಬಿಹೋದರೆ ಬ್ರೇಕೇ ಗುಜರಿಗೆ.

ಕ್ಯಾಲಿಪರನ್ನು ಸಡಿಲ ಬಿಟ್ಟು, ಲಿವರ್ ಒತ್ತಿಹಿಡಿದು, ಎರಡೂ ಬೋಲ್ಟನ್ನು ಒಂದಾದ ಮೇಲೊಂದು 6ರಿಂದ 8 ನ್ಯೂಟನ್ ಮೀಟರಿಗೆ ಬಿಗಿಯಿರಿ. ಹೊಸ ಪ್ಯಾಡ್ ಮೊದಲ ದಿನ ಕಚ್ಚುವುದೇ ಇಲ್ಲ. ಒಂದಿಷ್ಟು ವೇಗ ತೆಗೆದುಕೊಂಡು, ನಡಿಗೆಯ ವೇಗಕ್ಕೆ ಇಳಿಯುವವರೆಗೆ ಬ್ರೇಕ್ ಹಿಡಿದು, ಪೂರ್ತಿ ನಿಲ್ಲುವ ಮೊದಲೇ ಬಿಡಿ. ಇಪ್ಪತ್ತು ಸಲ ಹೀಗೆ ಮಾಡಿದರೆ ಹದಕ್ಕೆ ಬರುತ್ತದೆ. ಚೈನಿಗೆ ಸ್ಪ್ರೇ ಹೊಡೆಯುವಾಗ ಡಿಸ್ಕಿಗೆ ಬಟ್ಟೆ ಮುಚ್ಚಿ. ಎಣ್ಣೆ ಕುಡಿದ ರೆಸಿನ್ ಪ್ಯಾಡನ್ನು ಎಷ್ಟು ಉಜ್ಜಿದರೂ ಕೀಚಲು ದನಿ ಹೋಗುವುದಿಲ್ಲ.

ಸೈಕಲ್ ಬೆಲೆಯ ನಾಲ್ಕನೇ ಒಂದು ಭಾಗಕ್ಕಿಂತ ಹೆಚ್ಚು ಬ್ರೇಕಿಗೆ ಹಾಕುವುದಿಲ್ಲ ಎನ್ನುವುದು ನನ್ನ ಲೆಕ್ಕ, ಮುಂದಿನದೊಂದೇ ಆದರೆ ಅದರೊಳಗೆ ಮುಗಿಯುತ್ತದೆ. ಮಳೆಯಲ್ಲಿ ಸೈಕಲ್ ಹೊರಗೇ ತೆಗೆಯದವರು ಅದನ್ನೂ ಖರ್ಚು ಮಾಡಬೇಕಿಲ್ಲ, 5 ಮಿ.ಮೀ.ಯ ಹೊಸ ಔಟರು, ಒಂದು ಜೊತೆ ಪ್ಯಾಡು ತಂದುಕೊಳ್ಳಲಿ. ಲಿವರೂ ಶಿಫ್ಟರೂ ಬೇರೆಬೇರೆ ಇರುವ ಸೈಕಲ್ಲಿದ್ದರೆ ಈ ತಕರಾರೇ ಇಲ್ಲ, ಎರಡೂ ಚಕ್ರಕ್ಕೆ ಹೈಡ್ರಾಲಿಕ್ಕೇ ಹಾಕಿಬಿಡಿ. ನನ್ನ ಎಡಗಡೆಯ ಸೆಟ್ಟಿನಲ್ಲಿ ಗೇರ್ ಇನ್ನೂ ಸರಿಯಾಗಿ ಬೀಳುತ್ತಿದೆ. ಅದು ಕೈಕೊಟ್ಟಾಗ ಹಿಂದಿನ ಬ್ರೇಕಿನ ವಿಚಾರ ನೋಡೋಣ.