ಹಳೇ ರಷ್ಯನ್ ಲೆನ್ಸನ್ನ ಆನ್‌ಲೈನ್ ಹರಾಜಲ್ಲಿ ಮಾರಿದೆ: ಶಿರಸಿಯಿಂದ ಒಂದು ರಿವ್ಯೂ

5ಕ್ಕೆ 4 ಸ್ಟಾರ್. ಹಳೇ ಕ್ಯಾಮೆರಾ ಲೆನ್ಸಿಗೆ ಸರಿಯಾದ ಬೆಲೆ ಸಿಗೋದು ಹರಾಜಲ್ಲೇ ಅಂತ ಈಗ ನಂಗೆ ಖಾತ್ರಿ. ಆ ಒಂದು ಸ್ಟಾರ್ ಯಾಕೆ ಕಟ್ ಮಾಡ್ದೆ ಅಂತ ಕೆಳಗೆ ಹೇಳ್ತೀನಿ.

ಮಾರಿದ್ದು ಹೆಲಿಯೋಸ್ 44-2, 58 ಎಂಎಂ, ಎಫ್2 (ಬೆಳಕು ಒಳಗೆ ಬಿಡೋ ಕಿಂಡಿ, ಅಂದ್ರೆ ಅಪರ್ಚರ್, ಪೂರ್ತಿ ತೆರೆದಾಗಿನ ಅಳತೆ). ನಮ್ಮ ದೊಡ್ಡಪ್ಪನ ಜೆನಿಟ್ ಕ್ಯಾಮೆರಾ ಜೊತೆ ಬಂದಿದ್ದು, ಕ್ಯಾಮೆರಾ ಕೆಟ್ಟು ಯಾವ ಕಾಲ ಆಯ್ತೋ, ಲೆನ್ಸ್ ಮಾತ್ರ ಗಟ್ಟಿಮುಟ್ಟಾಗಿತ್ತು. ಜರ್ಮನಿಯ ಜೈಸ್ ಬಯೋಟಾರ್ ಡಿಸೈನ್ ಇಟ್ಕೊಂಡು ಸೋವಿಯತ್ ಕಾಲದಲ್ಲಿ ರಾಶಿರಾಶಿ ಮಾಡಿದ ಲೆನ್ಸ್ ಇದು, ಅಪರೂಪದ್ದೇನಲ್ಲ. ಆದ್ರೂ ಜನ ಹುಡ್ಕೊಂಡು ಬರ್ತಾರೆ. ಎಫ್2 ಇಟ್ಟು ತೋಟದಲ್ಲಿ ಯಾರನ್ನಾದ್ರೂ ನಿಲ್ಸಿ ಫೋಟೋ ತೆಗೀರಿ, ಹಿಂದೆ ಎಲೆ ಸಂದಿಂದ ಬರೋ ಬೆಳಕೆಲ್ಲ ಮುಖದ ಸುತ್ತ ಸುಳಿ ಸುತ್ತತ್ತೆ, ಮೊಬೈಲ್ ಪೋರ್ಟ್ರೇಟ್ ಮೋಡಲ್ಲಿ ಅದು ಬರೋದೇ ಇಲ್ಲ. ಎಂ42 ಥ್ರೆಡ್ (ಕ್ಯಾಮೆರಾಗೆ ತಿರುಪಿ ಕೂರ್ಸೋ 42 ಎಂಎಂ ಅಗಲದ ಮರೆ) ಆದ್ದರಿಂದ ಒಂದು ಅಡಾಪ್ಟರ್ ಹಾಕಿದ್ರೆ ಈಗಿನ ಮಿರರ್‌ಲೆಸ್ ಕ್ಯಾಮೆರಾಗೂ ಕೂರತ್ತೆ. ಇಲ್ಲಿ ಒಂದು ಸ್ಟುಡಿಯೋದಲ್ಲಿ ಕೇಳಿದ್ದಕ್ಕೆ "ಇದನ್ನ ಈಗ ಯಾರು ತಗೋತಾರೆ ಮಾರಾಯ್ರೆ, ಬೇಕಾದ್ರೆ 800 ಕೊಡ್ತೆ" ಅಂದ್ರು.

ಹರಾಜು ಹೆಂಗೆ ಅಂದ್ರೆ, ನಮ್ಮ ಅಡಿಕೆ ಟೆಂಡರ್ ನೋಡಿದವರಿಗೆ ಅರ್ಧ ಗೊತ್ತಿದ್ದ ಹಾಗೇ. ಅಲ್ಲಿ ವ್ಯಾಪಾರಿ ಬರ್ದ ರೇಟೇ ರೇಟು. ಇಲ್ಲಿ ಒಂದು ವ್ಯತ್ಯಾಸ ಇದೆ, ತಗೊಳ್ಳೋನು ತನ್ನ ಗರಿಷ್ಠ ಮೊತ್ತ ಹಾಕಿಡ್ತಾನೆ, ಸಿಸ್ಟಮ್ ಅದನ್ನ ಯಾರಿಗೂ ತೋರ್ಸಲ್ಲ, ಎದುರಾಳಿಯನ್ನ ದಾಟೋಕೆ ಎಷ್ಟು ಬೇಕೋ ಅಷ್ಟೇ ಏರಿಸ್ತಾ ಹೋಗತ್ತೆ. ಒಬ್ಬ 6,000 ಹಾಕಿ ಇನ್ನೊಬ್ಬ 5,000 ಹಾಕಿದ್ರೆ ನಿಮಗೆ ಸಿಗೋದು 5,100ರ ಆಸುಪಾಸು, ಆರು ಸಾವಿರ ಅಲ್ಲ. ಅಂದ್ರೆ ಒಬ್ಬ ಹುಚ್ಚು ಅಭಿಮಾನಿ ಇದ್ರೆ ಸಾಲಲ್ಲ, ಇಬ್ಬರು ಬೇಕು. ಅದಕ್ಕೇ ಶುರುವಿನ ಬೆಲೆ ಕಡಿಮೆ ಇಡಿ, ಜನ ಸೇರ್ಲಿ, ಮತ್ತೆ ಮುಗಿಯೋ ಟೈಮು ಭಾನುವಾರ ರಾತ್ರಿ ಊಟ ಆದ್ಮೇಲೆ ಬರೋ ಹಾಗೆ ಇಡಿ, ಎಲ್ರ ಕೈಲೂ ಫೋನ್ ಇರೋ ಹೊತ್ತು. ನಂದು ಕೊನೇ ಐದು ನಿಮಿಷದಲ್ಲಿ 3,400ರಿಂದ 5,600ಕ್ಕೆ ಹೋಯ್ತು.

ಇನ್ನು ನಮ್ಮ ಕಡೆಯವರಿಗೆ ಮುಖ್ಯವಾದ ವಿಷಯ ಫಂಗಸ್. ಶಿರಸಿ, ಕಾರವಾರ ಅಂತ ಹೇಳಿದ ಕೂಡ್ಲೇ ತಿಳಿದವರು ಕೇಳೋ ಮೊದಲ ಪ್ರಶ್ನೆನೇ ಅದು, ತಪ್ಪೂ ಅಲ್ಲ, ನಮ್ಮ ಮಳೆಗಾಲದ ತೇವಕ್ಕೆ ಗಾಜಿನ ಮೇಲೂ ಬೂಷ್ಟು ಬರತ್ತೆ. ಅಪರ್ಚರ್ ಪೂರ್ತಿ ತೆರೆದು, ಕತ್ತಲೆ ಕೋಣೇಲಿ ಹಿಂದಿನಿಂದ ಟಾರ್ಚ್ ಬಿಟ್ಟು ಓರೆಯಾಗಿ ನೋಡಿ. ಧೂಳಾದ್ರೆ ಚುಕ್ಕಿ ಚುಕ್ಕಿ, ಅದಕ್ಕೆ ತಲೆ ಕೆಡಿಸ್ಕೋಬೇಡಿ. ಫಂಗಸ್ ಆದ್ರೆ ಅಂಚಿಂದ ಒಳಗೆ ಕವಲೊಡೆದ ಸಣ್ಣ ಎಳೆ ಕಾಣತ್ತೆ. ನಂದ್ರಲ್ಲಿ ಇರ್ಲಿಲ್ಲ, ಯಾಕಂದ್ರೆ ದೊಡ್ಡಮ್ಮ ಅದನ್ನ ಚರ್ಮದ ಕೇಸಿಂದ ತೆಗ್ದು ಗಾಳಿಯಾಡದ ಸ್ಟೀಲ್ ಡಬ್ಬೀಲಿ ಸಿಲಿಕಾ ಜೆಲ್ ಹಾಕಿ ಇಟ್ಟಿದ್ರು. ಚರ್ಮ ತೇವ ಹಿಡ್ಕೊಳತ್ತೆ, ಹಳೇ ಕೇಸಲ್ಲಿ ಲೆನ್ಸ್ ಇಟ್ಟವರು ಇವತ್ತೇ ಹೊರಗೆ ತೆಗೀರಿ. ಆ ಟಾರ್ಚ್ ಬೆಳಕಿನ ಫೋಟೋನೇ ಮೊದಲ ಫೋಟೋ ಆಗಿ ಹಾಕ್ದೆ, ಅಪರ್ಚರ್ ತೆರೆದು ಮುಚ್ಚೋ ಬ್ಲೇಡ್ ಮೇಲೆ ಸ್ವಲ್ಪ ಎಣ್ಣೆ ಇದ್ದಿದ್ದನ್ನೂ ಹತ್ತಿರದಿಂದ ತೆಗ್ದು ಹಾಕ್ದೆ. ಇದು ಪ್ರೀಸೆಟ್ ಲೆನ್ಸ್, ಅಪರ್ಚರ್ ರಿಂಗ್ ಕೈಯಲ್ಲೇ ತಿರುಗ್ಸೋದು, ಹಾಗಾಗಿ ಆ ಎಣ್ಣೆಯಿಂದ ಕೆಲಸ ನಿಲ್ಲಲ್ಲ, ತಿಳಿದವರು ಅದನ್ನ ನೋಡಿ ಬಿಡ್ ಹಾಕೋದು ಬಿಡ್ಲಿಲ್ಲ.

ಪ್ಯಾಕಿಂಗ್ ಬಬಲ್ ರ‍್ಯಾಪ್, ಎರಡು ರಟ್ಟಿನ ಡಬ್ಬಿ, ಎರಡೂ ಕಡೆ ಕ್ಯಾಪ್. ಇನ್ಶೂರೆನ್ಸ್ ಮಾಡ್ಸಿ ಪೋಸ್ಟಲ್ಲಿ ಕಳ್ಸಿದ್ದು, ಸರಿಯಾಗಿ ಮುಟ್ತು.

ಕಟ್ ಮಾಡಿದ ಸ್ಟಾರ್ ವಿಷಯ. ಕಮಿಷನ್ನನ್ನ ಸೈಟಿನವರು ಲೆನ್ಸಿನ ಬೆಲೆ ಮೇಲಷ್ಟೇ ಅಲ್ಲ, ಕೊರಿಯರ್ ಚಾರ್ಜ್ ಸೇರ್ಸಿ ಒಟ್ಟು ಮೊತ್ತದ ಮೇಲೆ ಹಿಡೀತಾರೆ, ಪೋಸ್ಟಿಗೆ ಕೊಟ್ಟ ದುಡ್ಡಿಗೂ ಇವರಿಗೆ ದಲಾಲಿ ಯಾಕೆ? ಇನ್ನೊಂದು, ಲಿಸ್ಟಿಂಗಲ್ಲಿ ಮೌಂಟ್ (ಲೆನ್ಸ್ ಕ್ಯಾಮೆರಾಗೆ ಕೂರೋ ಜೋಡಣೆ) ಯಾವ್ದು ಅಂತ ಬರೆಯೋಕೆ ಜಾಗನೇ ಇಲ್ಲ, ಹುಡುಕೋರು ಎಂ42 ಅಂತಲೇ ಟೈಪ್ ಮಾಡೋದು, ಹಂಗಾಗಿ ಅದನ್ನ ಟೈಟಲ್ಲಲ್ಲೇ ತುರುಕಿ. ಮಾಲು ಮುಟ್ಟಿ ತಗೊಂಡವರು ಸರಿ ಇದೆ ಅನ್ನೋ ತನಕ ದುಡ್ಡು ತಡೆ ಹಿಡಿಯೋದು ನಂಗೆ ಒಪ್ಪಿಗೆ ಇದೆ, ಇಬ್ರಿಗೂ ಧೈರ್ಯ.

ದೊಡ್ಡಪ್ಪನದೇ ಜೂಪಿಟರ್ 135 ಎಂಎಂ ಒಂದಿದೆ, ಮಳೆ ಹಿಡಿಯೋದ್ರೊಳಗೆ ಅದನ್ನೂ ಅಲ್ಲೇ ಹಾಕ್ತೀನಿ.